ಕಪ್ ಗೆದ್ದಿಲ್ಲ, ಬೆಂಚೂ ಕಾಯಲಿಲ್ಲ: ಒಂದು ಸ್ಪಷ್ಟನೆ

"ತೀರ್ಥಹಳ್ಳಿ ಹುಡುಗ ಭಾರತದ ಪರ ಐಸ್ ಹಾಕಿ ಆಡಿ ಕಪ್ ಗೆದ್ದ" ಅಂತ ಎರಡು ದಿನದಿಂದ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆ ಹುಡುಗ ನನ್ನ ಅಕ್ಕನ ಮಗ. ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ಅವನು ಕೆನಡಾದಲ್ಲಿ ಓದುತ್ತಿದ್ದಾನೆ. ಆಡಿದ್ದು ತನ್ನ ಯೂನಿವರ್ಸಿಟಿ ತಂಡಕ್ಕೆ. ಶುಕ್ರವಾರ ಸೋತರು, ಶನಿವಾರ ಎರಡು ಪಂದ್ಯ ಗೆದ್ದರು, ಭಾನುವಾರ ಸೆಮಿಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತರು. ಕಪ್ ಗಿಪ್ ಏನಿಲ್ಲ.

ಇನ್ನೊಂದು ಗುಂಪಿನಲ್ಲಿ ಇದರ ಉಲ್ಟಾ: "ವಿಡಿಯೋ ನೋಡಿ, ಸುಮ್ನೆ ಬೆಂಚಿನ ಮೇಲೆ ಕೂತಿದ್ದಾನೆ." ಇದೂ ತಪ್ಪು. ನಮಗೆ ಗೊತ್ತಿರುವುದು ಕೊಡಗಿನ ಹಾಕಿ, ಅಲ್ವಾ? ಅಲ್ಲಿ ಮೈದಾನದಲ್ಲಿ 11 ಜನ. ಇಲ್ಲಿ ಗೋಲ್‌ಕೀಪರ್ ಸೇರಿ ಐಸ್ ಮೇಲೆ 6 ಜನ ಮಾತ್ರ. ಸ್ಕೇಟ್ ಹಾಕಿಕೊಂಡು ಜೀವ ಬಿಟ್ಟು ಓಡಬೇಕು. ಅದಕ್ಕೇ ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ, ಆಟ ನಡೆಯುತ್ತಿರುವಾಗಲೇ, ಆಟಗಾರರು ಬದಲಾಗುತ್ತಾರೆ. 20 ನಿಮಿಷದ ಮೂರು ಅವಧಿಯಲ್ಲಿ ಒಳ್ಳೆ ಆಟಗಾರರೂ ಅರ್ಧಕ್ಕಿಂತ ಜಾಸ್ತಿ ಹೊತ್ತು ಬೆಂಚಿನಲ್ಲೇ ಇರುತ್ತಾರೆ.

ಚೆಂಡು ಕಾಣಲ್ಲ ಅಂದವರಿಗೆ: ಚೆಂಡೇ ಇಲ್ಲ. ಸುಮಾರು 170 ಗ್ರಾಂನ ರಬ್ಬರ್ ಬಿಲ್ಲೆ ಅದು.

ಭಾರತಕ್ಕೆ ತಂಡ ಇಲ್ಲ ಅಂತಲ್ಲ. ನಮ್ಮ ಮಹಿಳಾ ಐಸ್ ಹಾಕಿ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ. ಫಾರ್ವರ್ಡ್ ಮಾಡೋದಿದ್ದರೆ ಅದನ್ನು ಮಾಡಿ.