ಮಾಳಿಗೆ ಮೇಲಿನ ಸೂರ್ಯ

ವಿಜಯಪುರದ ನಮ್ಮ ಓಣಿಯ ಕಾಕಾ ಈ ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಸೂರ್ಯನನ್ನು ಇಳಿಸಿದರು. ಸಾಮಾನು ಜಾಸ್ತಿ ಏನಿಲ್ಲ. ಉಪ್ಪಿನಕಾಯಿಯ ಗಾಜಿನ ಬರಣಿ, ಹಳೇ ಬೈಕಿನ ಬ್ಯಾಟರಿ, ಎರಡು ತಂತಿ, ಜ್ವರ ನೋಡುವ ಥರ್ಮಾಮೀಟರ್. ಅದರ ಪಾದರಸ ಕೊನೆಯ ಗೀಟಿಗೆ ಹೋಗಿ ನಿಂತಿತ್ತು.

"ತಮ್ಮಾ, ಕರೆಂಟ್ ಕೊಟ್ಟಿದ್ದು ಚೂರು. ಕಾವು ನೋಡು ಎಷ್ಟೈತಿ!"

ಮಧ್ಯಾಹ್ನ ಎರಡು ಗಂಟೆ. ಕಾವು ನನ್ನ ಚಪ್ಪಲಿಯಲ್ಲೂ ಇತ್ತು. ಪಕ್ಕದ ಟಾಕಿಯಲ್ಲಿ ಬ್ಯಾಟರಿ ಇಲ್ಲದೆಯೇ ನೀರು ಕೈ ಸುಡುತ್ತಿತ್ತು. ಈ ಲೆಕ್ಕದಲ್ಲಿ ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಇವತ್ತೇ ಬೀಗ ಹಾಕಬಹುದು.

ಕಾಕಾ ಒಬ್ಬರೇ ಅಲ್ಲ ಬಿಡಿ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪತ್ರಕರ್ತರನ್ನು ಕರೆಸಿ ಇಂಥದ್ದನ್ನೇ ಹೇಳಿದ್ದರು. ಭಾರಜಲದಲ್ಲಿ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರಿನಲ್ಲಿ, ಪಲ್ಲಾಡಿಯಂ ಲೋಹದ ಕಡ್ಡಿ ಅದ್ದಿ ಕರೆಂಟ್ ಹಾಯಿಸಿದೆವು, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬಂತು, ಇದು ಪರಮಾಣು ಬೆಸುಗೆ, ಅಂದರೆ ಹಗುರ ಪರಮಾಣುಗಳ ತಿರುಳು ಕೂಡಿ ಶಕ್ತಿ ಬಿಡುವುದು, ಅಂತ. ಇದಕ್ಕೆ ಬಿದ್ದ ಹೆಸರು ಕೋಲ್ಡ್ ಫ್ಯೂಷನ್, ತಣ್ಣನೆ ಬೆಸುಗೆ. ಸೂರ್ಯನ ಹೊಟ್ಟೆಯಲ್ಲಿ ಒಂದೂವರೆ ಕೋಟಿ ಡಿಗ್ರಿಯಲ್ಲಿ ನಡೆಯುವ ಕೆಲಸ, ಗಾಜಿನ ಪಾತ್ರೆಯಲ್ಲಿ! ತಿಂಗಳೊಳಗೆ ಯೂಟಾ ರಾಜ್ಯ 50 ಲಕ್ಷ ಡಾಲರ್ ಎತ್ತಿಟ್ಟಿತು. ನಿಜಕ್ಕೂ ಅಷ್ಟು ಬೆಸುಗೆ ಆಗಿದ್ದರೆ ಹೊರಬೀಳುವ ನ್ಯೂಟ್ರಾನ್‌ಗಳಿಗೆ ಕೋಣೆಯಲ್ಲಿದ್ದವರ ಜೀವವೇ ಹೋಗಬೇಕಿತ್ತು ಅಂದರು ಭೌತವಿಜ್ಞಾನಿಗಳು. ಇಬ್ಬರೂ ಗುಂಡುಕಲ್ಲಿನ ಹಾಗೆ ಇದ್ದರು.

ಬೇರೆಯವರು ಮಾಡಿದರೆ ಕಾವು ಬರದು. ಬಂದರೂ ನಾಳೆ ಇರದು. ಕೇಳಿದರೆ, ನಿಮ್ಮ ಪಲ್ಲಾಡಿಯಂ ಸರಿ ಇಲ್ಲ. ರೊಟ್ಟಿ ಹರಿದರೆ ನಾವು ಹಿಟ್ಟಿಗೆ ಜಿಗಿ ಇಲ್ಲ ಅಂತೀವಲ್ಲ, ಹಾಗೆ. ಆದರೆ ನಮ್ಮವ್ವ ಮರುದಿನ ಬೇರೆ ಹಿಟ್ಟಿನಲ್ಲಿ ಬಡಿದು ತೋರಿಸುತ್ತಾಳೆ. ಇವರ ಹಂಚು ಇನ್ನೂ ಕಾಯುತ್ತಲೇ ಇದೆ. ಗೂಗಲ್ ಕೂಡ ದುಡ್ಡು ಹಾಕಿ ಹುಡುಕಿಸಿತು. ಪುರಾವೆ ಸಿಗಲಿಲ್ಲ ಅಂತ 2019ರಲ್ಲಿ ವರದಿ ಬಂತು. ಈಗಲೂ ಇದನ್ನು ನಂಬುವವರು ಹಳೇ ಹೆಸರು ಬಿಟ್ಟು ಕಡಿಮೆ ಶಕ್ತಿಯ ನ್ಯೂಕ್ಲಿಯರ್ ಕ್ರಿಯೆ ಅಂತ ಕರೆಯುತ್ತಾರೆ. ಬಿಜಾಪುರ ಹೋಗಿ ವಿಜಯಪುರ ಆಯ್ತು, ಬಿಸಿಲೇನು ಕಮ್ಮಿ ಆಯ್ತಾ?

ಕಾಕಾನ ಸೊಸೆ ಬಟ್ಟೆ ಒಣಹಾಕಲು ಬಂದವಳು ಬರಣಿಯನ್ನೇ ನೋಡಿದಳು. "ಮಾವಾರ, ಬಾಜೂಕ ಇನ್ನೊಂದು ಬರಣ್ಯಾಗ ಬರೇ ನೀರು ಇಡ್ರಲ್ಲ."

ಯೂಟಾದವರನ್ನೂ ಟೀಕಾಕಾರರು ಕೇಳಿದ್ದು ಇದನ್ನೇ. ಮಾಮೂಲಿ ನೀರಲ್ಲಿ ಮಾಡಿ ನೋಡಿದ್ರಾ?

"ಸಂಶಯ ಇದ್ದಲ್ಲಿ ಕಾವು ಬರೂದಿಲ್ಲವ್ವಾ," ಅಂದರು ಕಾಕಾ. ಆದರೂ ಇಟ್ಟರು. ಅರ್ಧ ಗಂಟೆಗೆ ಎರಡೂ ಬರಣಿ ಒಂದೇ ಸಮ ಕಾದಿದ್ದವು. ಕಾಕಾ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಮುಖ ಅರಳಿತು.

"ನೋಡಿದೇನ? ಬಾಜೂಕಿನ ಬರಣಿಗೂ ಹಬ್ಬೇತಿ!"

ಈಗ ಸುದ್ದಿಗೋಷ್ಠಿಯ ತಯಾರಿ ನಡೆದಿದೆ. ಜಾಗ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯೇ ಆಗಬೇಕಂತೆ. ಅಲ್ಲಿ ಒಮ್ಮೆ ಹೇಳಿದರೆ ಏಳು ಸಲ ಕೇಳುತ್ತದೆ. ಏಳು ಕಡೆ ಖಾತ್ರಿ ಆದ ಹಾಗಾಯ್ತಲ್ಲ, ಅಂತಾರೆ ಕಾಕಾ.