ಹೊಸ ಬಟ್ಟೆ ಕತ್ತರಿಸಿ ಹೊಲಿದ್ರೆ ಅದು ಕೌದಿನಾ?

ಪರ: ಹೌದು, ಕೌದಿನೇ

ಕೌದಿ ಅಂದ್ರೆ ಸಾಮಾನ್ಯವಾಗಿ ಹಳೇ ಬಟ್ಟೆ ತುಂಡುಗಳನ್ನ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ಆದ್ರೆ ಈಗ ಯಾರ ಮನೇಲಿ ಹಳೇ ಕಾಟನ್ ಸೀರೆ ಗಂಟು ಇದೆ ಹೇಳಿ. ಟ್ರಂಕ್ ತೆಗೆದ್ರೆ ಪಾಲಿಯೆಸ್ಟರ್ ಸೀರೆ, ಲೆಗ್ಗಿಂಗ್ಸ್, ಟೀಶರ್ಟು, ಇವನ್ನ ಕೌದಿಗೆ ಹಾಕಿದ್ರೆ ಒಂದು ಜಾರುತ್ತೆ, ಇನ್ನೊಂದು ಎಳೆಯುತ್ತೆ, ಬೆವರಂತೂ ಹೀರಲ್ಲ. ಅದಕ್ಕೇ ಯಾರೋ ಎರಡು ಮೀಟರ್ ಖಾದಿ ತಂದು ಕತ್ತರಿಸಿ ಹೊಲಿಯೋಕೆ ಕೂತ್ರೆ ಮೂಗು ಮುರಿಯೋದು ನನಗೆ ಸರಿ ಕಾಣಲ್ಲ.

ಹಳೇ ಬಟ್ಟೆ ಮಾತ್ರನೇ ಸಂಪ್ರದಾಯ ಅನ್ನೋದೂ ಪೂರ್ತಿ ನಿಜ ಅಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1840ರ ದಶಕದ ಆಲ್ಬಮ್ ಕ್ವಿಲ್ಟ್‌ಗಳು, ಅಂದ್ರೆ ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ ಹೊಲಿದ ಕೌದಿ ಥರದ ಹೊದಿಕೆಗಳು, ಹೂಬುಟ್ಟಿ, ಹಕ್ಕಿ ಎಲ್ಲ ಇರೋವು, ಬಹುಪಾಲು ದುಡ್ಡು ಕೊಟ್ಟು ತಂದ ಹೊಸ ಬಟ್ಟೆಯವೇ. ಅಲಬಾಮಾದ ಗೀಸ್ ಬೆಂಡ್ ಕಡೆ ಕಪ್ಪು ಹೆಂಗಸರು 1970ರ ದಶಕದಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಕವರ್ ಹೊಲಿದು ಕೊಡ್ತಿದ್ರು, ಉಳಿದ ತುಂಡು ಯಾರೂ ಹಾಕ್ಕೊಂಡ ಬಟ್ಟೆ ಅಲ್ಲ, ಆದ್ರೂ ಅದರಿಂದ ಆದ ಕ್ವಿಲ್ಟ್‌ಗಳನ್ನ ಜನ ಇವತ್ತು ಮ್ಯೂಸಿಯಂನಲ್ಲಿ ನಿಂತು ನೋಡ್ತಾರೆ. 2009ರಲ್ಲಿ ಶುರುವಾದ, ಹೊಸ ಶೈಲಿಯ ಕ್ವಿಲ್ಟ್ ಹೊಲಿಯೋರ ಸಂಘವಾದ ಮಾಡರ್ನ್ ಕ್ವಿಲ್ಟ್ ಗಿಲ್ಡ್‌ನವರು ಇಷ್ಟಪಡೋ ಪ್ಲೇನ್ ಬಣ್ಣ, ದೊಡ್ಡ ಖಾಲಿ ಜಾಗ, ಸ್ಕೇಲ್ ಇಡದೆ ಹಾಕಿದ ಸಾಲು, ಇವೆಲ್ಲ ಗೀಸ್ ಬೆಂಡ್ ಥರದ ಊರಿನ ಮನೆಗಳಲ್ಲಿ ಮೊದಲೇ ಇದ್ದಿದ್ದೇ. ಹೊಲಿಯೋ ಕೈ ಉಳಿಬೇಕು ಅಂದ್ರೆ ಸಿಗೋ ಬಟ್ಟೇಲೇ ಹೊಲಿಬೇಕು, ಬೇರೆ ದಾರಿ ನನಗಂತೂ ಕಾಣ್ತಿಲ್ಲ.

ವಿರೋಧ: ಅಲ್ಲ, ಅದು ಬೇರೆ ವಸ್ತು

ಕೌದಿ ಅಷ್ಟು ಮೆತ್ತಗಿರೋದು ಯಾಕೆ? ವರ್ಷಗಟ್ಟಲೆ ಒಗೆದು ಒಗೆದು ಬಿರುಸು ಹೋದ ಇಳಕಲ್ ಸೀರೆ, ಅಜ್ಜನ ಧೋತ್ರ, ಕುಗ್ಗೋದೆಲ್ಲ ಕುಗ್ಗಿ ಆಗಿರುತ್ತೆ, ಬಣ್ಣ ಬಿಡೋದೆಲ್ಲ ಬಿಟ್ಟಾಗಿರುತ್ತೆ, ಅದಕ್ಕೇ ಎಳೆಗೂಸಿನ ಕೆಳಗೆ ಧೈರ್ಯವಾಗಿ ಹಾಸ್ತೀವಿ. ಹೊಸ ಬಟ್ಟೆ ತುಂಡುಗಳು ಮೊದಲ ಒಗೆತಕ್ಕೇ ಒಂದೊಂದು ಒಂದೊಂದು ಥರ ಮುದುಡ್ತವೆ.

ಹಳಿಯಾಳ, ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋದನ್ನ ಗಮನಿಸಿ. ಅಂಚಿಂದ ಶುರು ಮಾಡಿ ಸುತ್ತಾ ಸುತ್ತಾ ನಡುವಿಗೆ ಬರ್ತಾರೆ, ಪೇಪರ್ ಮೇಲೆ ಡಿಸೈನ್ ಅಂತ ಏನೂ ಇಲ್ಲ, ಕೈಗೆ ಯಾವ ತುಂಡು ಸಿಕ್ತೋ ಅದನ್ನ ನೋಡ್ಕೊಂಡೇ ಮುಂದಿನ ಸಾಲು, ಮೂಲೆಗಳಿಗೆ ಬಟ್ಟೆ ಮಡಚಿದ ಫೂಲ, ಅಂದ್ರೆ ಹೂವು, ಇಡ್ತಾರೆ, ಫೂಲ ಇಲ್ಲದ ಕೌದಿ ಬೆತ್ತಲೆ ಅನ್ನೋ ಮಾತೇ ಇದೆ. ಬಟ್ಟೆ ಸಾಲದೆ ಅಲ್ಲೊಂದು ಇಲ್ಲೊಂದು ಸೇರಿಸಿದ್ರಿಂದಲೇ ಆ ಚೆಂದ ಬಂದಿದ್ದು. ನೆಟ್ಟಗಿರೋ ಹೊಸ ಬಟ್ಟೆನ ಬೇಕು ಅಂತಲೇ ಸೊಟ್ಟ ಕತ್ತರಿಸಿದ್ರೆ ಆ ಲೆಕ್ಕ ಬರಲ್ಲ.

ಗೀಸ್ ಬೆಂಡ್ ಹೆಸರು ಮೇಲೆ ಬಂತಲ್ಲ, ಅಲ್ಲಿನ ಮಿಸೌರಿ ಪೆಟ್‌ವೇ ಕಥೆನೂ ಹೇಳಬೇಕು. 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕೆಲಸದ ಬಟ್ಟೆಗಳನ್ನೇ ಬಿಚ್ಚಿ ಕ್ವಿಲ್ಟ್ ಮಾಡಿದ್ಲು, ಅವನ ನೆನಪಿಗೆ ಹೊದ್ದು ಮಲಗೋಕೆ ಅಂತ. ಬಿಸಿಲಿಗೆ, ಬೆವರಿಗೆ ಮಾಸಿದ ಆ ನೀಲಿ ಯಾವ ಅಂಗಡೀಲಿ ಮೀಟರ್ ಲೆಕ್ಕಕ್ಕೆ ಸಿಗುತ್ತೆ?

ಹೊಸ ಬಟ್ಟೇಲಿ ಹೊಲಿದಿದ್ದೂ ಚೆನ್ನಾಗೇ ಇರುತ್ತೆ, ಹೊಲಿದವರ ಶ್ರಮ ನನಗೆ ಗೊತ್ತು. ಕ್ವಿಲ್ಟ್ ಅನ್ನಿ, ಒಳ್ಳೇ ಬೆಲೆಗೆ ಮಾರಿ, ಗೋಡೆಗೆ ಹಾಕಿ. ಕೌದಿ ಅನ್ನೋ ಹೆಸರನ್ನ ಮಾತ್ರ ಮನೆಯವರು ಉಟ್ಟು ಸವೆಸಿದ ಬಟ್ಟೆಗೇ ಬಿಡಿ.