ರಿಪೋರ್ಟನ್ನು ಗ್ರೂಪಿಗೆ ಹಾಕಿದವರಿಗೆ

ತಲೆ ಕೆಟ್ಟು ಹೋಗಿದೆ, ಉದ್ದ ಆಗುತ್ತೆ, ಓದುವವರು ಓದಿ.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತು ಒಬ್ಬರ ಬ್ಲಡ್ ರಿಪೋರ್ಟಿನ ಫೋಟೋ ಬಂತು. ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲ ಕಾಣುವ ಹಾಗೆ. ನಮ್ಮಲ್ಲಿ ಮೂರು ಮನೆಗೆ ಅಡುಗೆ ಮಾಡುವ ಅಕ್ಕನದು. ಗರ್ಭಕೋಶದ ಆಪರೇಷನ್ನಿಗೆ ಮುಂಚೆ ಮಾಡಿಸಿದ ಟೆಸ್ಟು. ರಜೆ ಬೇಕು ಅಂತ ಒಂದು ಮನೆಯವರಿಗೆ ಕಳಿಸಿದ್ದರು ಪಾಪ. ಆ ಮಹಾತಾಯಿ ಅದರಲ್ಲಿ ಒಂದು ಸಾಲಿಗೆ ಕೆಂಪು ಸುತ್ತು ಹಾಕಿ ಗ್ರೂಪಿಗೆ ತಳ್ಳಿದ್ದಾರೆ. 'ಎಚ್‌ಬಿಎಸ್‌ಎಜಿ: ರಿಯಾಕ್ಟಿವ್', ಅಂದರೆ ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಟೆಸ್ಟು ಪಾಸಿಟಿವ್. ಕೆಳಗೆ 'ಎಲ್ಲರೂ ಹುಷಾರು', ಜೊತೆಗೆ ಕೈ ಮುಗಿಯುವ ಇಮೋಜಿ. ಮಧ್ಯಾಹ್ನದೊಳಗೆ ಮೂರೂ ಮನೆಯ ಕೆಲಸ ಹೋಯಿತು.

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಲ್ಯಾಬಿನಲ್ಲಿ ಈ ಟೆಸ್ಟ್ ಮಾಡೋದೇ ನನ್ನ ಕೆಲಸ. ಆ ಪ್ಲಾಸ್ಟಿಕ್ ಕಾರ್ಡಿನ ಗುಂಡಿಗೆ ಸೀರಮ್ ಬಿಟ್ಟು ಕಾಯುತ್ತೇವೆ. ತೇವ ನಿಧಾನವಾಗಿ ಪಟ್ಟಿಯ ಮೇಲೆ ಹತ್ತುತ್ತದೆ. 'ಸಿ' ಹತ್ತಿರ ಗುಲಾಬಿ ಗೆರೆ ಬಂದರೆ ಕಾರ್ಡು ಸರಿ ಇದೆ ಅಂತ. 'ಟಿ' ಹತ್ತಿರವೂ ಒಂದು ಗೆರೆ ಮೂಡಿದರೆ ರಿಯಾಕ್ಟಿವ್. ಒಮ್ಮೊಮ್ಮೆ ಎಷ್ಟು ತೆಳು ಅಂದರೆ ಕಿಟಕಿ ಹತ್ತಿರ ಹಿಡಿದು ನೋಡಬೇಕು. ಆ ಗೆರೆ ಹೇಳುವುದು ಒಂದೇ ಮಾತು: ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನು, ಅಂದರೆ ಎಸ್ ಆಂಟಿಜನ್, ಈ ರಕ್ತದಲ್ಲಿ ಇದೆ. ಅಷ್ಟೇ. ವೈರಸ್ ಎಷ್ಟಿದೆ, ಲಿವರ್ ಹೇಗಿದೆ, ಸೋಂಕು ಹೊಸದೋ ಹಳೆಯದೋ, ಯಾವುದನ್ನೂ ಅದು ಹೇಳೋದಿಲ್ಲ. ಇವರ ಸಾಂಬಾರು ತಿನ್ನಬಾರದು ಅಂತಂತೂ ಖಂಡಿತ ಹೇಳೋದಿಲ್ಲ.

ಮುಂದೆ ಮಾಡಬೇಕಾದ್ದು ಬೇಕಾದಷ್ಟಿದೆ. ಎಲೈಸಾ ಅನ್ನುವ ಲ್ಯಾಬ್ ಟೆಸ್ಟಿನಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕು. ವೈರಸ್ಸಿನ ಒಳತಿರುಳಿನ ವಿರುದ್ಧ ದೇಹ ಮೊದಲು ತಯಾರಿಸುವ ಆಂಟಿಬಾಡಿ (ಕೋರ್ ಆಂಟಿಬಾಡಿಯ ಐಜಿಎಂ) ನೋಡಿದರೆ ಸೋಂಕು ಹೊಸದೋ ಅಂತ ಸುಳಿವು ಸಿಗುತ್ತದೆ. ಆರು ತಿಂಗಳು ದಾಟಿಯೂ ಎಸ್ ಆಂಟಿಜನ್ ಹೋಗದಿದ್ದರೆ ದೀರ್ಘಕಾಲದ್ದು ಅನ್ನುತ್ತಾರೆ. ವೈರಸ್ ಎಷ್ಟಿದೆ ಅಂತ ತಿಳಿಯಲು ಡಿಎನ್‌ಎ ಟೆಸ್ಟು, ಲಿವರ್ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡಲು ಎಲ್‌ಎಫ್‌ಟಿ, ಸ್ಕ್ಯಾನ್. ಡಾಕ್ಟರಿಗೇ ಇಷ್ಟೆಲ್ಲ ಬೇಕು. ನಮ್ಮ ಗ್ರೂಪಿನವರಿಗೆ ಒಂದು ಫೋಟೋ ಸಾಕಾಯಿತು.

ಒಂದು ತಮಾಷೆ ಹೇಳುತ್ತೇನೆ. ಇದೇ ಎಸ್ ಆಂಟಿಜನ್ನನ್ನು ಯೀಸ್ಟಿನಲ್ಲಿ ಬೆಳೆಸಿ, ಶುದ್ಧ ಮಾಡಿ, ನಿಮ್ಮ ಮಕ್ಕಳ ತೊಡೆಗೆ ಚುಚ್ಚಿಸಿದ್ದೀರಿ. ಹೆಪಟೈಟಿಸ್ ಬಿ ಲಸಿಕೆ ಅಂದರೆ ಅದೇ. ಬರೀ ಕವಚ, ಒಳಗೆ ವೈರಸ್ ಇಲ್ಲ. ಎಷ್ಟರ ಮಟ್ಟಿಗೆ ಅದೇ ಅಂದರೆ, ಇವತ್ತು ಲಸಿಕೆ ಹಾಕಿಸಿಕೊಂಡು ನಾಳಿದ್ದು ಟೆಸ್ಟ್ ಮಾಡಿಸಿದರೆ ನಿಮ್ಮ ರಿಪೋರ್ಟಿನಲ್ಲೂ ರಿಯಾಕ್ಟಿವ್ ಬರಬಹುದು. ಬರಲಿ, ನಾನೂ ಕೆಂಪು ಸುತ್ತು ಹಾಕಿ ಗ್ರೂಪಿಗೆ ಹಾಕುತ್ತೇನೆ, ಆಗಬಹುದಾ?

ಇನ್ನು ಗ್ರೂಪಿನಲ್ಲಿ ಒಬ್ಬರು ಬರೆದ 'ಎಲ್ಲಿಂದ ಅಂಟಿಸಿಕೊಂಡರೋ' ಅನ್ನುವ ಮಾತು. ಅದನ್ನು ಬರೆದವರ ಮನಸ್ಸಿನಲ್ಲಿ ಏನಿತ್ತು ಅಂತ ಎಲ್ಲರಿಗೂ ಗೊತ್ತಾಯಿತು. ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಹೌದು. ಆದರೆ ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನರಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಹುಟ್ಟುವಾಗ ತಾಯಿಯಿಂದ ಬಂದರೆ ಉಲ್ಟಾ, ಲಸಿಕೆ ಸಿಗದಿದ್ದರೆ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಅಲ್ಲೇ ಉಳಿದುಬಿಡುತ್ತದೆ. ಏನೂ ತೊಂದರೆ ಕೊಡದೆ, ಕಾಮಾಲೆಯನ್ನೂ ತೋರಿಸದೆ, ವರ್ಷಗಟ್ಟಲೆ. ಹಾಗಾಗಿ ನಡುವಯಸ್ಸಿನಲ್ಲಿ ಆಪರೇಷನ್ನಿಗೆ ಅಂತ ಹೋದಾಗ ಸುಮ್ನೆ ಸಿಕ್ಕಿಬೀಳುವ ಎಚ್‌ಬಿಎಸ್‌ಎಜಿ ಬಹಳ ಸಲ ಹಸುಗೂಸಾಗಿದ್ದಾಗ, ಚಿಕ್ಕವರಿದ್ದಾಗ ಬಂದದ್ದು. ಅವರು ಹುಟ್ಟಿದಾಗ ಈ ಲಸಿಕೆ ನಮ್ಮ ದೇಶದಲ್ಲಿ ಸಿಗುತ್ತಲೇ ಇರಲಿಲ್ಲ. ಅದಕ್ಕೆ ಈಗ ಅವರ ನಡತೆ ಅಳೆಯುತ್ತೀರಾ?

'ಎಂಜಲಿನಲ್ಲೂ ಇರುತ್ತಂತೆ, ಗೂಗಲ್ ಮಾಡಿದೆ' ಅಂದರು ಒಬ್ಬರು, ಇಂಜಿನಿಯರು. ಸರಿ ಸಾರ್, ಎಂಜಲಿನಲ್ಲಿ ಎಸ್ ಆಂಟಿಜನ್ ಸಿಗಬಹುದು. ಆದರೆ ಒಟ್ಟಿಗೆ ಊಟ ಮಾಡಿದರೆ, ತಟ್ಟೆ ಲೋಟ ಹಂಚಿಕೊಂಡರೆ, ಕೆಮ್ಮಿದರೆ, ಅಪ್ಪಿಕೊಂಡರೆ ಇದು ಹರಡೋದಿಲ್ಲ. ತಾಯಿ ಎದೆಹಾಲನ್ನೂ ಕುಡಿಸಬಹುದು. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ. 'ತರಕಾರಿ ಹೆಚ್ಚುವಾಗ ಕೈ ಕುಯ್ದುಕೊಂಡರೆ?' ಗಾಯ ತೊಳೆದು ಪಟ್ಟಿ ಕಟ್ಟಿಕೊಳ್ಳುತ್ತಾರೆ, ಆ ಈರುಳ್ಳಿ ಎಸೆಯುತ್ತಾರೆ. ನಿಮ್ಮ ಮನೆಯಲ್ಲಿ ಯಾರೇ ಕೈ ಕುಯ್ದುಕೊಂಡರೂ ಮಾಡೋದು ಅದೇ ಅಲ್ವಾ? ನಿಜವಾಗಿ ಹೆದರಬೇಕಾದ್ದು ಬೇರೆ. ಈ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲಿ ಕಡಿಮೆ ಅಂದರೂ ಏಳು ದಿನ ಬದುಕುತ್ತದೆ. ಸಲೂನಿನಲ್ಲಿ ಬ್ಲೇಡ್ ಬದಲಿಸಿದರಾ ಅಂತ ಒಂದು ದಿನವಾದರೂ ಕೇಳಿದ್ದೀರಾ? ಅಪ್ಪ ಮಗ ಒಂದೇ ರೇಜರ್ ಬಳಸುವ ಮನೆ ನಮ್ಮ ಬ್ಲಾಕಿನಲ್ಲೇ ಇದೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡು ಸ್ಟೇಟಸ್ ಇಟ್ಟವರೂ ಇದ್ದಾರೆ. ಅಲ್ಲಿ ಯಾರಿಗೂ ಹುಷಾರು ಬೇಡ.

ಅಷ್ಟು ಭಯ ಇದ್ದರೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ. ಈಗ, ಒಂದು ತಿಂಗಳಿಗೆ, ಆರು ತಿಂಗಳಿಗೆ. ನೀವು ಬುಕ್ ಮಾಡುವ ಒಂದು ವೀಕೆಂಡ್ ರೆಸಾರ್ಟಿನ ಮುಂದೆ ಅದರ ಖರ್ಚು ಏನೂ ಅಲ್ಲ. ನಾನು ದಿನಾ ಈ ರಕ್ತದಲ್ಲೇ ಕೈಯಾಡಿಸುತ್ತೇನೆ, ಲಸಿಕೆ ಆಗಿದೆ, ರಕ್ತದಲ್ಲಿ ಆಂಟಿಬಾಡಿಯ ಮಟ್ಟ (ಟೈಟರ್) ರಕ್ಷಣೆಗೆ ಬೇಕಾದ 10ಕ್ಕಿಂತ ಎಷ್ಟೋ ಮೇಲಿದೆ, ಸಂಜೆ ಮನೆಗೆ ಬಂದು ನೆಮ್ಮದಿಯಾಗಿ ಮುದ್ದೆ ಉಣ್ಣುತ್ತೇನೆ.

ಇಷ್ಟು ಯಾಕೆ ಉರಿಯುತ್ತಿದೆ ಅಂದರೆ, ನಮ್ಮ ಚಿಕ್ಕಪ್ಪನಿಗೂ ಇದೇ ಇತ್ತು. ಇಲ್ಲಿ ಯಾವತ್ತೂ ಬರೆದಿಲ್ಲ. ಊರಿನ ಮನೆಯಲ್ಲಿ ಅವರ ತಟ್ಟೆ ಲೋಟ ಹಿತ್ತಲಿನ ಕಲ್ಲಿನ ಮೇಲೆ ಬೇರೆ ಇಡುತ್ತಿದ್ದರು. ಅವರು ನಾಚಿಕೆಗೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಯಾರೋ ನೆಲನೆಲ್ಲಿ ಅರೆದು ಕೊಟ್ಟರು, ಕುಡಿದರು. ನೆಲನೆಲ್ಲಿ ಅಂದ ತಕ್ಷಣ ಕೆಲವರು ಓಡಿಬರುತ್ತೀರಿ, ಗೊತ್ತು. ಹೌದು, 1988ರಲ್ಲಿ ಮದ್ರಾಸಿನವರ ಒಂದು ಅಧ್ಯಯನ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು, ನೆಲನೆಲ್ಲಿ ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎಸ್ ಆಂಟಿಜನ್ ಹೋಯಿತು ಅಂತ. ಈ ಆಂಟಿಜನ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲಮ್‌ಬರ್ಗ್ ಕೂಡ ಆ ಕೆಲಸದಲ್ಲಿ ಇದ್ದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಹಾಗಾಗಲಿಲ್ಲ. ಚಿಕ್ಕಪ್ಪನಿಗೂ ಆಗಲಿಲ್ಲ. ಲಿವರ್ ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಎಚ್‌ಐವಿ ಇದೆ ಅಂತ ಯಾರನ್ನಾದರೂ ಹೀಗೆ ಕೆಲಸದಿಂದ ತೆಗೆದು ರಿಪೋರ್ಟ್ ಹಂಚಿದರೆ 2017ರ ಕಾಯ್ದೆ ಇದೆ. ಹೆಪಟೈಟಿಸ್ ಬಿಗೆ ಅಷ್ಟು ನೇರವಾದ ಕಾಯ್ದೆ ಇಲ್ಲ. ಅದಕ್ಕೇ ಈ ಧೈರ್ಯ. ಗ್ರೂಪಿನಲ್ಲಿ ಇದನ್ನೆಲ್ಲ ಬರೆದೆ, ಅಡ್ಮಿನ್ 'ಇದು ಮೇಂಟೆನೆನ್ಸ್ ಗ್ರೂಪ್ ಮೇಡಂ' ಅಂದರು. ಆ ಫೋಟೋ ಮಾತ್ರ ಮೇಂಟೆನೆನ್ಸ್! ಸಿಟ್ಟಿಗೆ ಗ್ರೂಪ್ ಬಿಟ್ಟೆ. ನೀರಿನ ಟ್ಯಾಂಕರ್ ಯಾವಾಗ ಬರುತ್ತೆ ಅಂತ ಅಲ್ಲೇ ಹಾಕೋದು, ಅದಕ್ಕೆ ಸಂಜೆ ಮತ್ತೆ ಸೇರಿಕೊಂಡೆ. ನಗಬೇಡಿ.

ಅಕ್ಕನ ಮನೆಗೆ ಹೋಗಿ ಬಂದೆ. ಅವರಿಗೆ ಟೆಸ್ಟಿನ ಹೆಸರು ಗೊತ್ತಿಲ್ಲ, ಗ್ರೂಪಿನಲ್ಲಿ ಬಂದದ್ದು ಗೊತ್ತು. ಸರ್ಕಾರಿ ಆಸ್ಪತ್ರೆಯಲ್ಲಿ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಟೆಸ್ಟು, ಮಾತ್ರೆ ಉಚಿತ ಇದೆ, ಎಲ್ಲರಿಗೂ ಮಾತ್ರೆ ಬೇಕಾಗೋದೂ ಇಲ್ಲ, ಆದರೆ ತಪಾಸಣೆ ತಪ್ಪಿಸಬಾರದು ಅಂತ ಹೇಳಿದೆ. ಗಂಡ ಮಕ್ಕಳಿಗೂ ಟೆಸ್ಟ್ ಮಾಡಿಸಿ, ಸೋಂಕು ಇಲ್ಲದವರಿಗೆ ಲಸಿಕೆ ಹಾಕಿಸಬೇಕು. ಮಗಳಿಗೆ ಬರೆದುಕೊಟ್ಟಿದ್ದೇನೆ. ನಮ್ಮ ಮನೆಗೆ ಅಡುಗೆಗೆ ಬನ್ನಿ ಅಂತಲೂ ಕರೆದೆ, ಆಪರೇಷನ್ ಆಗಲಿ ಅಂದರು.

ಕಾಮೆಂಟಿನಲ್ಲಿ ಅವರ ಹೆಸರು, ನಮ್ಮ ಅಪಾರ್ಟ್‌ಮೆಂಟಿನ ಹೆಸರು ಕೇಳಬೇಡಿ. ಲಸಿಕೆ ಬಗ್ಗೆ ಕೇಳುವವರು ಇನ್‌ಬಾಕ್ಸಿಗೆ ಬನ್ನಿ, ಎಷ್ಟು ಹೊತ್ತಾದರೂ ಉತ್ತರ ಕೊಡುತ್ತೇನೆ. ನಾಟಿ ಔಷಧದ ಲಿಂಕ್ ಹಾಕುವವರನ್ನು ಮುಲಾಜಿಲ್ಲದೆ ಬ್ಲಾಕ್ ಮಾಡುತ್ತೇನೆ, ನೆಂಟರಾದರೂ ಸರಿ.